ಕತ್ತರಿಯೂ ಕೀಲಿಮಣೆಯೂ

ಉದ್ಯೋಗ ಯಾವುದೇ ಆಗಿರಲಿ, ತನ್ನ ಉಪಕರಣಗಳ ವಿಷಯದಲ್ಲಿ ಅಭಿಪ್ರಾಯವಿಲ್ಲದ ಕೆಲಸಗಾರನು ಲೋಕದಲ್ಲಿ ದುರ್ಲಭ. ಬಡಗಿಗೆ ಉಳಿಯ ಮೇಲೆ ಅಭಿಪ್ರಾಯವುಂಟು, ಅಡಿಗೆಯವನಿಗೆ ಸೌಟಿನ ಮೇಲೆ ಉಂಟು. ಬರೆಯುವವರಂತೂ ಲೇಖನಿಯ ಮೊನೆಯನ್ನು ಕುರಿತು ಒಂದು ಜಾವ ಮಾತನಾಡಬಲ್ಲರು. ಇಂತಹ ಅಭಿಪ್ರಾಯಗಳಿಗೆ ಶ್ರೋತೃಗಳು ದೊರೆಯುವುದು ಮಾತ್ರ ಕಷ್ಟ. ಮನೆಯವರು ಆಕಳಿಸುತ್ತಾರೆ, ಯಜಮಾನನಿಗೆ ಪುರುಸೊತ್ತಿಲ್ಲ, ಸಹೋದ್ಯೋಗಿಗೆ ಅವನದೇ ಆದ ಬೇರೆ ಅಭಿಪ್ರಾಯವಿರುತ್ತದೆ. ಹೀಗಾಗಿ ಅವು ಕೆಲಸಗಾರನ ಮನಸ್ಸಿನೊಳಗೇ ವರ್ಷಗಟ್ಟಲೆ ಕುಳಿತು ಜಾಡಿಯ ಉಪ್ಪಿನಕಾಯಿಯಂತೆ ಹದಗೊಳ್ಳುತ್ತವೆ.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ಒಬ್ಬ ಗಣಕೋದ್ಯೋಗಿಯ ಬಳಿ ಅಂಥದೊಂದು ಜಾಡಿ ತುಂಬಿದೆ. ಆತನಿಗೆ ಈಗ ನಲವತ್ತಾರು ವರ್ಷ. 2001ರಲ್ಲಿ ಉದ್ಯೋಗಕ್ಕೆ ಸೇರಿದಂದಿನಿಂದ ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು, ಅಂದರೆ ಪ್ರೋಗ್ರಾಮುಗಳನ್ನು, ಬರೆಯುವುದೇ ಆತನ ಕಸುಬು. ಹುಟ್ಟಿದ್ದು ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಲ್ಲಿ. ತಂದೆ ತಿಪಟೂರಿನ ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದವರು. ಸುತ್ತಲೂ ಕೊಬ್ಬರಿಯ ಮಂಡಿಗಳು. ಅವುಗಳ ನಡುವೆ ಎಂಟು ಅಡಿ ಅಗಲದ ಅಂಗಡಿ. ಅದರಲ್ಲಿ ಕಾಲಿನಿಂದ ತುಳಿಯುವ ಒಂದು ಯಂತ್ರ, ಬಟ್ಟೆ ಕತ್ತರಿಸುವ ಹಲಗೆ, ಇಸ್ತ್ರಿಪೆಟ್ಟಿಗೆ ಮತ್ತು ಆ ಕತ್ತರಿ.

ಆ ಕತ್ತರಿಯ ಮಾತು ಮೊದಲೇ ಹೇಳಬೇಕಾದದ್ದು. ತೂಕವಾದ, ಕಪ್ಪು ಹಿಡಿಯ, ಹೆಬ್ಬೆರಳಿನ ಕಡೆ ಬಣ್ಣವೆಲ್ಲ ಹೋಗಿ ಲೋಹ ಹೊಳೆಯುತ್ತಿದ್ದ ಕತ್ತರಿಯದು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಬಟ್ಟೆಯಲ್ಲದೆ ಬೇರೊಂದನ್ನು ಅದರಿಂದ ಕತ್ತರಿಸುವಂತಿರಲಿಲ್ಲ. ಏಳು ವರ್ಷದ ಬಾಲಕನಾಗಿದ್ದಾಗ ಆತನು ಗಾಳಿಪಟಕ್ಕಾಗಿ ಅದರಿಂದ ವೃತ್ತಪತ್ರಿಕೆಯನ್ನು ಕತ್ತರಿಸಿದನು. ಎಂದೂ ಕೈಯೆತ್ತದ ತಂದೆ ಅಂದು ಒಂದೇಟು ಕೊಟ್ಟರು. ಅನಂತರ ಅವರೇ ಅವನನ್ನು ಹಲಗೆಯ ಮೇಲೆ ಕೂರಿಸಿ, "ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತೆ ಕಣೋ ಮಗ. ಮೊಂಡು ಕತ್ತರಿ ಬಟ್ಟೇನ ಕತ್ತರಿಸೋಲ್ಲ, ಅಗಿಯುತ್ತೆ," ಎಂದು ಒಂದು ತುಂಡು ಪಾಪ್ಲಿನ್ನನ್ನು ಕತ್ತರಿಸಿ ತೋರಿಸಿದರು. ಏಟಿನ ನೋವು ಆತನಿಗೆ ನೆನಪಿಲ್ಲ. 'ಅಗಿಯುತ್ತೆ' ಎಂಬ ಕ್ರಿಯಾಪದವು ಮಾತ್ರ ಉಳಿದಿದೆ. ಹದಗೆಟ್ಟ ಯಂತ್ರವನ್ನಾಗಲಿ ಹದಗೆಟ್ಟ ಪ್ರೋಗ್ರಾಮನ್ನಾಗಲಿ ಕಂಡಾಗ ಇಂದಿಗೂ ಆತನ ಬಾಯಲ್ಲಿ ಬರುವುದು ಅದೇ ಮಾತು.

ಆತನ ಅಭಿಪ್ರಾಯಗಳಲ್ಲಿ ಅಗ್ರಪೂಜೆ ಕೀಲಿಮಣೆಗೆ ಸಲ್ಲುತ್ತದೆ. ಗಣಕಯಂತ್ರದಲ್ಲಿ ಉಳಿದದ್ದೆಲ್ಲವೂ ಯಂತ್ರದ ಕಡೆಗೆ ಸೇರಿದ್ದು, ಕೀಲಿಮಣೆಯೊಂದು ಮನುಷ್ಯನ ಕಡೆಗೆ ಸೇರಿದ್ದು ಎಂಬುದು ಆತನ ಮತ. ಎರಡು ಲಕ್ಷ ರೂಪಾಯಿಯ ಯಂತ್ರವನ್ನು ಕೊಂಡು, ಅದಕ್ಕೆ ಮುನ್ನೂರು ರೂಪಾಯಿಯ ಕೀಲಿಮಣೆಯನ್ನು ಜೋಡಿಸುವ ಕಚೇರಿಗಳನ್ನು ಕಂಡರೆ ಆತನಿಗೆ, ರೇಷ್ಮೆಯ ಥಾನನ್ನು ಮೊಂಡು ಕತ್ತರಿಗೆ ಒಡ್ಡಿದವರನ್ನು ಕಂಡಷ್ಟು ಸಂಕಟ.

ಈ ಕೀಲಿಮಣೆಯ ಅಕ್ಷರಗಳು ಏಕೆ ಹೀಗೆ ಚದುರಿ ಕುಳಿತಿವೆ ಎಂದು ಓದುಗರಲ್ಲಿ ಅನೇಕರಿಗೆ ಸಂದೇಹ ಬಂದಿರಬಹುದು. ಅಮೆರಿಕದ ಮಿಲ್ವಾಕಿ ನಗರದಲ್ಲಿ ಮುದ್ರಕನೂ ಪತ್ರಿಕಾ ಸಂಪಾದಕನೂ ಆಗಿದ್ದ ಕ್ರಿಸ್ಟೋಫರ್ ಶೋಲ್ಸ್ ಎಂಬಾತನು ಸಂಗಡಿಗರೊಡನೆ ಬೆರಳಚ್ಚು ಯಂತ್ರವೊಂದನ್ನು ರೂಪಿಸಿದನು. 1874ರಲ್ಲಿ ರೆಮಿಂಗ್ಟನ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಅಕ್ಷರಗಳನ್ನು ಹೀಗೆ ಹಂಚಲಾಯಿತೆಂದು ಹೇಳುವುದು ರೂಢಿ. ಅದೊಂದೇ ಕಾರಣವೆಂದು ಬಲ್ಲವರೆಲ್ಲರೂ ಒಪ್ಪಿಲ್ಲ. ಕಡ್ಡಿಗಳು ಹೋದವು, ಮಸಿಯ ಪಟ್ಟಿ ಹೋಯಿತು, ಬೆರಳಚ್ಚು ಯಂತ್ರವೇ ಹೋಯಿತು. ಅಕ್ಷರಗಳ ಸ್ಥಾನ ಮಾತ್ರ ಕದಲಲಿಲ್ಲ. ಆಗಸ್ಟ್ ಡ್ವೊರಾಕ್ ಎಂಬ ಪ್ರಾಧ್ಯಾಪಕನು ಹೆಚ್ಚು ಬಳಕೆಯ ಅಕ್ಷರಗಳನ್ನು ನಡುಸಾಲಿಗೆ ತಂದು ಬೇರೊಂದು ವಿನ್ಯಾಸವನ್ನು ಮಾಡಿ 1936ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದು ಕೆಲವೇ ಭಕ್ತರ ಪಾಲಾಯಿತು. ಆತನೂ ಒಮ್ಮೆ ಅದನ್ನು ಕಲಿಯಲು ಹೊರಟು ಆರು ವಾರಗಳ ಮೇಲೆ ಕೈಬಿಟ್ಟನು. ಕೈಗೆ ಒಮ್ಮೆ ಹತ್ತಿದ ದಾರಿಯನ್ನು ತರ್ಕವು ಬಿಡಿಸಲಾರದೆಂದು ಅಂದು ಆತನಿಗೆ ಅರಿವಾಯಿತು.

ಕೀಲಿಗಳೊಳಗಿನ ವ್ಯವಸ್ಥೆಯಲ್ಲಿಯೂ ಭೇದಗಳುಂಟು. ಅಗ್ಗದ ಮಣೆಗಳಲ್ಲಿ ಕೀಲಿಗಳ ಅಡಿಯಲ್ಲಿ ರಬ್ಬರಿನ ಹಾಳೆಯೊಂದು ಗುಳ್ಳೆಗುಳ್ಳೆಯಾಗಿ ಹರಡಿರುತ್ತದೆ. ಒತ್ತಿದರೆ ಹಳೆಯ ಇಡ್ಲಿಯನ್ನು ಒತ್ತಿದಂತೆ. ಐಬಿಎಂ ಸಂಸ್ಥೆ 1985ರಲ್ಲಿ ಹೊರತಂದ 'ಮಾಡೆಲ್ ಎಂ' ಎಂಬ ಮಣೆಯಲ್ಲಿ ಪ್ರತಿಯೊಂದು ಕೀಲಿಗೂ ಸುರುಳಿಯ ಸ್ಪ್ರಿಂಗು ಒಂದೊಂದಿತ್ತು. ಒತ್ತಿದಾಗ ಅದು ನಡುವೆ ಬಾಗಿ 'ಟಕ್' ಎಂದು ಸದ್ದು ಮಾಡಿ ಅಕ್ಷರ ಬಿದ್ದಿತೆಂದು ಬೆರಳಿಗೂ ಕಿವಿಗೂ ಏಕಕಾಲದಲ್ಲಿ ತಿಳಿಸುತ್ತಿತ್ತು. ಜರ್ಮನಿಯ ಚೆರ್ರಿ ಎಂಬ ಸಂಸ್ಥೆಯ ಸ್ವಿಚ್ಚುಗಳಿಗೆ ಬಣ್ಣಗಳಿಂದಲೇ ಹೆಸರು: ನೀಲಿಯದು ಸದ್ದು ಮಾಡುವುದು, ಕಂದಿನದು ಸದ್ದಿಲ್ಲದೆ ತಡೆಯನ್ನಷ್ಟೇ ತಿಳಿಸುವುದು, ಕೆಂಪಿನದು ಅಡೆತಡೆಯಿಲ್ಲದೆ ಇಳಿಯುವುದು. ಆತನು ತನ್ನ ಸ್ವಂತ ಹಣದಿಂದ ನೀಲಿಯ ಮಣೆಯೊಂದನ್ನು ಕೊಂಡು ಕಚೇರಿಗೆ ಒಯ್ದನು. ಮೂರನೆಯ ದಿನ ಪಕ್ಕದ ಸಾಲಿನವರು ದೂರಿತ್ತರು. ಬಾಗಿಲಿಲ್ಲದ, ಗೋಡೆಯಿಲ್ಲದ ಆ ವಿಶಾಲ ಸಭಾಂಗಣದಲ್ಲಿ ಒಬ್ಬನ ಆನಂದವು ನಲವತ್ತು ಜನರ ಕಿವಿಗೆ ಬೀಳುವುದು ಅನಿವಾರ್ಯ. ಆತನು ಅದನ್ನು ಮನೆಗೆ ತಂದು ಕಂದಿನದನ್ನು ಒಯ್ದನು. ಹೀಗೆ ಕೀಲಿಮಣೆಗಳು ಎರಡಾದವು.

ಮೂರನೆಯದು ಬಂದದ್ದು ನೋವಿನ ಮೂಲಕ. 2018ರ ಸುಮಾರಿಗೆ ಬಲಗೈಯ ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳುಗಳು ರಾತ್ರಿಯ ವೇಳೆ ಜೋಮುಗಟ್ಟತೊಡಗಿದವು. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾಯುವ ನರವು ಒತ್ತಡಕ್ಕೆ ಸಿಕ್ಕಿದೆಯೆಂದು ವೈದ್ಯರು ವಿವರಿಸಿದರು. ಕೈಗೆ ಪಟ್ಟಿ ಕಟ್ಟಿ ಮಲಗುವುದು, ಮಣಿಕಟ್ಟನ್ನು ನೇರವಾಗಿರಿಸಿ ದುಡಿಯುವುದು, ನಡುನಡುವೆ ಎದ್ದು ತಿರುಗಾಡುವುದು ಎಂಬಿವು ಚಿಕಿತ್ಸೆ. ಎರಡು ಹೋಳಾಗಿ ಬೇರ್ಪಡುವ ಕೀಲಿಮಣೆಯನ್ನು ಆತನು ಆಗ ತರಿಸಿದನು. ಹೋಳುಗಳನ್ನು ಭುಜದ ಅಗಲಕ್ಕೆ ಸರಿಸಿಟ್ಟರೆ ಕೈಗಳು ಬಾಗದೆ ನೇರವಾಗಿ ಬಂದು ಕೂರುತ್ತವೆ. ಮನೆಗೆ ಬಂದ ನೆಂಟರು, "ಅಯ್ಯೋ, ಮುರಿದುಹೋಗಿದೆಯಲ್ಲ!" ಎಂದು ಮರುಗುವುದುಂಟು. ಜೋಮು ಮುಕ್ಕಾಲು ಪಾಲು ಇಳಿಯಿತು. ಉಳಿದ ಕಾಲು ಪಾಲು ಈಗಲೂ ಇದೆ. ಮಳೆಗಾಲದಲ್ಲಿ ಹೆಚ್ಚೆಂಬುದು ಆತನ ನಂಬಿಕೆ, ವೈದ್ಯರು ಅದನ್ನು ಒಪ್ಪಿಲ್ಲ.

ಇದೇ ಮಣೆಯ ಮೇಲೆ ಕನ್ನಡವನ್ನು ಮೂಡಿಸಲು ಆತನು ಕಲಿತದ್ದು ತಡವಾಗಿ, ನಲವತ್ತು ದಾಟಿದ ಮೇಲೆ. 2020ರ ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ತಂದೆತಾಯಿ ಹೊನ್ನವಳ್ಳಿಯಲ್ಲಿ, ಮಗ ಬೆಂಗಳೂರಿನಲ್ಲಿ. ತಂದೆಗೆ ಕಿವಿ ಮಂದ. ದೂರವಾಣಿಯಲ್ಲಿ ಮಾತು ಸಾಗದು. ವಾಟ್ಸಾಪಿನಲ್ಲಿ ಆತನು ಕನ್ನಡದ ಮಾತುಗಳನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ಬರೆದು ಕಳುಹಿಸಿದರೆ ಅದು ಅವರಿಗೆ ಓದಲಾಗದು. ಹತ್ತೊಂಬತ್ತು ವರ್ಷಗಳ ಕಾಲ ಗಣಕಯಂತ್ರದೊಡನೆ ಬಾಳಿದವನು ಹೆತ್ತ ತಂದೆಗೆ 'ಮಾತ್ರೆ ತೆಗೆದುಕೊಂಡಿರಾ' ಎಂದು ಅವರಿಗೆ ಅರ್ಥವಾಗುವಂತೆ ಬರೆಯಲಾರದೆ ಹೋದುದು ಆತನಿಗೆ ನಾಚಿಕೆಯನ್ನುಂಟುಮಾಡಿತು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಒಂದೇ ವಾರದಲ್ಲಿ ಕಲಿತನು. ಕಕಾರದ ಧ್ವನಿಯಿರುವ ಇಂಗ್ಲಿಷ್ ಕೀಲಿಯಲ್ಲಿಯೇ 'ಕ', ಅದರ ದೊಡ್ಡಕ್ಷರದಲ್ಲಿ 'ಖ'. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಕೀಲಿ. ಕಾಗುಣಿತವನ್ನು ಬಾಯಲ್ಲಿ ಹೇಳಿಕೊಂಡಂತೆಯೇ ಬೆರಳು ನಡೆಯುತ್ತದೆ. ಶಾಲೆಯಲ್ಲಿ ಕಾಗುಣಿತವನ್ನು ಒಪ್ಪಿಸುವಾಗ ಬೆತ್ತದ ಭಯದಿಂದ ಕಲಿತ ಕ್ರಮವೇ ಇಲ್ಲಿ ಕೆಲಸಕ್ಕೆ ಬಂದಿತೆಂಬುದು ಆತನಿಗೆ ಬಲು ಸೋಜಿಗ.

ಹಿಂದೆ ಕನ್ನಡದ ಒಂದೊಂದು ಅಕ್ಷರವಿನ್ಯಾಸಕ್ಕೂ ಒಂದೊಂದು ಗುಪ್ತಲಿಪಿಯಿದ್ದಿತು. ಒಂದು ಯಂತ್ರದಲ್ಲಿ ಲಕ್ಷಣವಾಗಿ ಕಂಡ ಪತ್ರವು, ಆ ಅಕ್ಷರವಿನ್ಯಾಸವಿಲ್ಲದ ಮತ್ತೊಂದರಲ್ಲಿ ತೆರೆದರೆ ಭೂತ ಬಡಿದವನ ಬಡಬಡಿಕೆಯಂತೆ ಕಾಣುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಅಕ್ಷರಕ್ಕೊಂದು ಸ್ಥಿರಸಂಖ್ಯೆಯನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವುಂಟು. ಆದರೂ ಹಳೆಯ ಗುಪ್ತಲಿಪಿಗಳಿಂದ ಬಿಡುಗಡೆ ಹೊಂದಲು ಎಷ್ಟೋ ಕಚೇರಿಗಳಿಗೆ ಎರಡು ದಶಕಗಳು ಸಾಲಲಿಲ್ಲ. ಈ ಮಾತು ಬಂದಾಗ ಸೌಮ್ಯನಾದ ಆತನು ಸಿಡುಕುತ್ತಾನೆ.

ಇನ್ನು ಮೂಷಿಕ. ಡಗ್ಲಾಸ್ ಎಂಗೆಲ್ಬಾರ್ಟ್ 1968ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಭೆಯೊಂದರಲ್ಲಿ ಅದನ್ನು ಲೋಕಕ್ಕೆ ತೋರಿಸಿದನು. ಅದರ ಮೊದಲ ಮಾದರಿಗೆ ಮರದ ಮೈಯಿತ್ತು. ಆತನಿಗೆ ಅದರ ಮೇಲೆ ಗೌರವವುಂಟು, ಪ್ರೀತಿಯಿಲ್ಲ. ಕೀಲಿಮಣೆಯಿಂದ ಕೈಯೆತ್ತಿ ಅದನ್ನು ಹಿಡಿಯುವ ಪ್ರತಿಯೊಂದು ಸಲವೂ ಯೋಚನೆಯ ಎಳೆ ತುಂಡಾಗುತ್ತದಂತೆ. ಪರದೆಗಳ ವಿಷಯದಲ್ಲಿ, ಎರಡು ಚಿಕ್ಕವುಗಳಿಗಿಂತ ಒಂದು ದೊಡ್ಡದು ಲೇಸು. ಕಿವಿಗವಚಿಕೊಳ್ಳುವ ಹೆಡ್‌ಫೋನು ಇಂದಿನ ಕಚೇರಿಯಲ್ಲಿ ಸಂಗೀತಕ್ಕಾಗಿ ಇರುವುದಲ್ಲವೆಂದೂ, ಅದು ಬಾಗಿಲಿಗೆ ಬದಲಾಗಿ ಬಂದದ್ದೆಂದೂ ಆತನ ಅಭಿಪ್ರಾಯ. ಕುರ್ಚಿಯ ಮೇಲೆ ಮಾತ್ರ ಎಷ್ಟು ಹಣ ಸುರಿದರೂ ವ್ಯರ್ಥವಲ್ಲ.

ಹಳೆಯ ಯಂತ್ರಗಳ ವಿಷಯದಲ್ಲಿ ಆತನಿಗೆ ಕೋಪವುಂಟು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಪೋಷಣೆಯನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯನ್ನು ಒಪ್ಪಲು ಯಂತ್ರದಲ್ಲಿ ಹೊಸ ಬಗೆಯ ಸಂಸ್ಕಾರಕವೂ ಭದ್ರತೆಯ ವಿಶೇಷ ಬಿಲ್ಲೆಯೂ ಇರಬೇಕು. ಹೀಗಾಗಿ ಕೀಲು ಸಡಿಲವಾಗದ, ಪರದೆ ಮಸುಕಾಗದ, ಏನೊಂದೂ ದೋಷವಿಲ್ಲದ ಯಂತ್ರಗಳು ಒಂದು ತಾರೀಖಿನಿಂದಾಗಿ ಗುಜರಿಯ ಪಾಲಾಗುತ್ತವೆ. ಆತನು ಅಂತಹ ಎರಡನ್ನು ಪರಿಚಿತರಿಂದ ತಂದು, ಅವುಗಳಲ್ಲಿ ಲಿನಕ್ಸನ್ನು ನೆಲೆಗೊಳಿಸಿದನು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಜಗತ್ತಿನ ಸಾವಿರಾರು ಜನ ಸೇರಿ ಬೆಳೆಸಿದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಒಂದು ಯಂತ್ರವು ಮಗಳ ಓದಿಗೆ. ಮತ್ತೊಂದು ಹೊನ್ನವಳ್ಳಿಯಲ್ಲಿ ಅಣ್ಣನ ಮಗನ ಬಳಿ ಇದೆ. ತಂದೆಯ ಹೊಲಿಗೆಯ ಯಂತ್ರಕ್ಕೆ ನಲವತ್ತು ವರ್ಷ ದಾಟಿತು. ಪಟ್ಟಿ ಹರಿದರೆ ಪಟ್ಟಿ, ಸೂಜಿ ಮುರಿದರೆ ಸೂಜಿ. ತಯಾರಿಸಿದವನು ಎಲ್ಲಿಯೋ ಕುಳಿತು ಒಂದು ಬೆಳಗ್ಗೆ ಅದನ್ನು ಮುದಿಯೆಂದು ಸಾರಲಿಲ್ಲ.

ಕ್ರಮವಿಧಿಯನ್ನು ಬರೆಯುವ ಬಗೆಯಲ್ಲಿ ಆತನು ವೈಯಾಕರಣನಿಗೆ ತೀರ ಹತ್ತಿರದವನು. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವರೆಂದು ವೈಯಾಕರಣರನ್ನು ಹಾಸ್ಯ ಮಾಡುವುದುಂಟಷ್ಟೆ; ನೂರು ಸಾಲಿನ ಕೆಲಸವನ್ನು ಮೂವತ್ತಕ್ಕೆ ಇಳಿಸಿದ ದಿನ ಆತನ ಮನೆಯಲ್ಲಿ ಪಾಯಸವಾದದ್ದು ಸುಳ್ಳಲ್ಲ. ಗಣಕಭಾಷೆಗಳ ವಾಕ್ಯರಚನೆಯನ್ನು ಸೂತ್ರಗಳಲ್ಲಿ ನಿರೂಪಿಸುವ ಪದ್ಧತಿಯೊಂದುಂಟು; ಅಂತಹ ನಿರೂಪಣೆಯನ್ನು ಬಹು ಹಿಂದೆಯೇ ಪಾಣಿನಿ ಬಳಸಿದ್ದನಾದುದರಿಂದ ಆ ಪದ್ಧತಿಗೆ ಅವನ ಹೆಸರನ್ನೂ ಸೇರಿಸಬೇಕೆಂದು ಇಂಗರ್‌ಮನ್ ಎಂಬುವರು 1967ರಲ್ಲಿ ಸೂಚಿಸಿದರು. ಸೂಚನೆ ರೂಢಿಗೆ ಬರಲಿಲ್ಲ. ಆದರೆ ಹೆಸರಿಡುವ ವಿಷಯದಲ್ಲಿ ಆತನ ನಿಷ್ಠೆಯನ್ನು ಕಂಡರೆ ಯಾವ ಕೋಶಕಾರನೂ ಮೆಚ್ಚುವಂತಿದೆ. ಕ್ರಮವಿಧಿಯೊಳಗಿನ ಪ್ರತಿಯೊಂದು ವಸ್ತುವಿಗೂ ಬರೆಯುವವನೇ ನಾಮಕರಣ ಮಾಡಬೇಕು. 'ತಾತ್ಕಾಲಿಕ', 'ಹೊಸದು', 'ಹೊಸದು2' ಎಂದು ಹೆಸರಿಟ್ಟವನು ಆರು ತಿಂಗಳ ಮೇಲೆ ಅಲ್ಲಿಗೆ ಬರುವ ಮತ್ತೊಬ್ಬನಿಗೆ ದ್ರೋಹ ಬಗೆದನೆಂದೇ ಆತನ ತೀರ್ಮಾನ.

ಕಚೇರಿಯ ಬಾಳಿನ ಬಗ್ಗೆ ಆತನು ಹೇಳುವುದನ್ನು ಅರ್ಧ ನಗುತ್ತ ಹೇಳುತ್ತಾನೆ. ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ಎಂಬಾತನು 1960ರ ದಶಕದಲ್ಲಿ, ಕೆಲಸಗಾರನಿಗೆ ಸ್ವಾತಂತ್ರ್ಯವೂ ಏಕಾಂತವೂ ದೊರೆಯಲೆಂದು ಬೇಕಾದಂತೆ ಜೋಡಿಸಬಹುದಾದ ಮೇಜು ಮತ್ತು ಅಡ್ಡಗೋಡೆಗಳನ್ನು ಕಲ್ಪಿಸಿದನು. ಸಂಸ್ಥೆಗಳು ಅವನ್ನು ಕುಗ್ಗಿಸಿ ಜೇನುಗೂಡಿನಂತೆ ಒತ್ತೊತ್ತಾಗಿ ನಿಲ್ಲಿಸಿದವು. ಪ್ರಾಪ್ಸ್ಟ್ ಅದನ್ನು ಕಂಡು ಮರುಗಿದನಂತೆ. ಮುಂದೆ ಆ ಅಡ್ಡಗೋಡೆಗಳೂ ಹೋದವು. ಸಾಂಕ್ರಾಮಿಕದ ಅನಂತರ ಆತನ ಕಚೇರಿಯಲ್ಲಿ ಸ್ವಂತ ಮೇಜೆಂಬುದೂ ಇಲ್ಲವಾಯಿತು. ಬೆಳಗ್ಗೆ ಮೊಬೈಲಿನಲ್ಲಿ ಸ್ಥಳವನ್ನು ಕಾದಿರಿಸಿ, ಸಂಜೆ ಮೇಜನ್ನು ಬರಿದು ಮಾಡಿ ಬರಬೇಕು. ಹದಿನಾಲ್ಕು ವರ್ಷ ಆತನ ಮೇಜಿನ ಮೇಲಿದ್ದ ತಾಯಿಯ ಭಾವಚಿತ್ರವೂ ತುಳಸಿಯ ಪುಟ್ಟ ಕುಂಡವೂ ಮನೆಗೆ ಬಂದವು. ಹೋಳಾದ ಕೀಲಿಮಣೆಯನ್ನು ಚೀಲದಲ್ಲಿ ಹೊತ್ತು ಆತನು ದಿನವೂ ಓಡಾಡುತ್ತಾನೆ. 2010ರಲ್ಲಿ ಎತ್ತರದ ಮೇಲುಸೇತುವೆ ಬಂದಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ರೈಲು ಆರಂಭವಾಯಿತು. ರೈಲಿನಲ್ಲಿ ನಿಂತುಕೊಂಡು ಪುಸ್ತಕ ಓದಲು ಸಾಧ್ಯವಾದುದನ್ನು ಆತನು ತನ್ನ ಸೇವಾವಧಿಯ ದೊಡ್ಡ ಬಡ್ತಿಯೆಂದು ಎಣಿಸುತ್ತಾನೆ.

ಸಭೆಗಳ ಸಂಗತಿಯಂತೂ ಪುರಾಣ. ಆತನು ಕೆಲಸಕ್ಕೆ ಸೇರಿದ 2001ರಲ್ಲಿಯೇ ಅಮೆರಿಕದ ಯೂಟಾ ಪ್ರಾಂತದ ಗಿರಿಧಾಮವೊಂದರಲ್ಲಿ 17 ಮಂದಿ ತಜ್ಞರು ಸೇರಿ, ಕಾಗದಪತ್ರಗಳಿಗಿಂತ ಕೆಲಸ ಮಾಡುವ ಮನುಷ್ಯರು ಮುಖ್ಯವೆಂಬ ಅರ್ಥದ 'ಅಜೈಲ್' ಪ್ರಣಾಳಿಕೆಯೊಂದನ್ನು ಹೊರಡಿಸಿದರು. ಆ ಮಾರ್ಗದವರಲ್ಲಿ ಪ್ರತಿದಿನ ಬೆಳಗ್ಗೆ ಹದಿನೈದು ನಿಮಿಷದ ಸಭೆಯೊಂದುಂಟು. ಕಾಲು ನೋಯಲಾರಂಭಿಸಿದರೆ ಮಾತು ಬೇಗ ಮುಗಿಯುವುದೆಂದು ಅದನ್ನು ನಿಂತುಕೊಂಡೇ ನಡೆಸಬೇಕೆಂಬ ನಿಯಮ. ಈಗ ಎಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಆ ನಿಂತ ಸಭೆಯನ್ನು ನಡೆಸುತ್ತಾರೆ. ಅದು ಮುಕ್ಕಾಲು ಗಂಟೆ ಸಾಗುತ್ತದೆ. ಹಿಂದುಳಿದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ಹಿಂದೆ ಬೀಳುವುದೆಂದು, ಐಬಿಎಂ ಸಂಸ್ಥೆಯಲ್ಲಿ ಬೃಹತ್ ಕಾರ್ಯವೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ತನ್ನ ಪುಸ್ತಕದಲ್ಲಿ ತಿಳಿಸಿದನು. ವ್ಯವಸ್ಥಾಪಕರೆಲ್ಲರ ಕಪಾಟಿನಲ್ಲಿಯೂ ಆ ಪುಸ್ತಕವುಂಟೆಂದೂ, ಕೆಲಸ ಹಿಂದುಳಿದಾಗ ಅವರು ಅದನ್ನು ತೆರೆಯುವುದಿಲ್ಲವೆಂದೂ ಆತನು ಬಲ್ಲನು.

ಇಷ್ಟೆಲ್ಲ ಅಭಿಪ್ರಾಯಗಳಿಗೆ ಬೆಲೆಯೇನೆಂಬ ಪ್ರಶ್ನೆ ಆತನನ್ನು ಇದಿರುಗೊಂಡದ್ದು ಈಚೆಗೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ, ಬಾಯಿಮಾತಿನಲ್ಲಿ ಕೇಳಿದರೆ ತಾನೇ ಕ್ರಮವಿಧಿಯನ್ನು ಬರೆದುಕೊಡುವ ಯಂತ್ರಬುದ್ಧಿಯು ಕಚೇರಿಗಳನ್ನು ಹೊಕ್ಕಿತು. ಆತನು ಅದನ್ನು ಹಳಿಯುವವನಲ್ಲ. ಹೊಸ ಭಾಷೆಯೊಂದರ ಸೂಕ್ಷ್ಮವನ್ನು ಕೇಳಿದರೆ ತಾಳ್ಮೆಯಿಂದ ಹೇಳುತ್ತದೆ. ಬೇಸರದ ಕೆಲಸವನ್ನು ನಿಮಿಷದಲ್ಲಿ ಮುಗಿಸುತ್ತದೆ. ಮಣಿಕಟ್ಟು ನೋಯುವವನಿಗೆ ಅದೊಂದು ಉಪಕಾರವೇ ಸರಿ. ಆದರೆ ಹನ್ನೊಂದು ಜನರಿದ್ದ ಆತನ ತಂಡವು ಏಳಕ್ಕೆ ಇಳಿಯಿತು. ಹೊರಟವರಲ್ಲಿ ಆತನಿಂದಲೇ ಕೆಲಸ ಕಲಿತ ಇಬ್ಬರು ಹುಡುಗರಿದ್ದರು. ಉಳಿದವರು ಬರೆಯುವುದಕ್ಕಿಂತ ಯಂತ್ರವು ಬರೆದದ್ದನ್ನು ಓದಿ ಒಪ್ಪಿಗೆ ಹಾಕುವುದೇ ಹೆಚ್ಚಾಯಿತು.

2025ರಲ್ಲಿ ವಿಮೆಯ ಅರ್ಜಿಗಳನ್ನು ಸ್ವೀಕರಿಸುವ ಕ್ರಮವಿಧಿಯೊಂದು ಹೀಗೆಯೇ ಒಪ್ಪಿಗೆಗಾಗಿ ಆತನ ಮುಂದೆ ಬಂದಿತು. ಅಚ್ಚುಕಟ್ಟಾದ ಬರಹ, ಹೆಸರುಗಳೆಲ್ಲ ಅರ್ಥವತ್ತಾದವು, ಪರೀಕ್ಷೆಗಳೆಲ್ಲ ತೇರ್ಗಡೆ. ಮರುದಿನವೇ ಅದು ಬಳಕೆಗೆ ಹೋಗಬೇಕಿತ್ತು. ಓದುತ್ತ ಓದುತ್ತ ಆತನು ಒಂದು ಸಾಲಿನ ಬಳಿ ನಿಂತನು. ಅರ್ಜಿದಾರನ ಕುಲನಾಮವು ಎರಡು ಅಕ್ಷರಗಳಿಗಿಂತ ಕಡಿಮೆಯಿದ್ದರೆ ಅರ್ಜಿಯನ್ನು ತಿರಸ್ಕರಿಸಬೇಕೆಂದು ಆ ಸಾಲು ವಿಧಿಸಿತ್ತು. ತಪ್ಪಿ ಒಂದೇ ಅಕ್ಷರವನ್ನು ಒತ್ತಿದವರನ್ನು ತಡೆಯುವುದು ಅದರ ಸದುದ್ದೇಶ. ಪರೀಕ್ಷೆಗೆಂದು ಕೊಟ್ಟಿದ್ದ ಹೆಸರುಗಳಲ್ಲಿ ಶರ್ಮರೂ ಪಟೇಲರೂ ಇದ್ದರು, ಸ್ಮಿತ್ ಇದ್ದನು.

ಆತನು ಅಲ್ಲಿ ನಿಂತುದಕ್ಕೆ ಕಾರಣ ಆತನ ಸ್ವಂತ ಹೆಸರು. ಹಳೆಯ ಮೈಸೂರು ಸೀಮೆಯ ಅಸಂಖ್ಯ ಜನರಂತೆ ಆತನಿಗೂ ಕುಲನಾಮವೆಂಬುದಿಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಬಳಿಕ ತನ್ನ ಹೆಸರು. 2007ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರಕ್ಕೆ ಕೆಲಸದ ನಿಮಿತ್ತ ಹೋಗಬೇಕಾದಾಗ ರಹದಾರಿಯಲ್ಲಿ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕಾಯಿತು. ಊರು ಕುಲನಾಮದ ಸ್ಥಾನದಲ್ಲಿ ಹೋಗಿ ಕುಳಿತಿತು. ಮೂರು ತಿಂಗಳ ಕಾಲ ಅಲ್ಲಿಯವರು ಆತನನ್ನು ಕರೆದದ್ದು 'ಮಿಸ್ಟರ್ ಹೊನ್ನವಳ್ಳಿ' ಎಂದು. ಮೊದಲ ವಾರ ಆತನಿಗೆ ನಗು, ಎರಡನೆಯ ವಾರ ಊರಿನ ನೆನಪಿನಿಂದ ಗಂಟಲು ಬಿಗಿತ. ಇಡೀ ಹೋಬಳಿಯನ್ನೇ ಹೆಗಲ ಮೇಲೆ ಹೊತ್ತು ತಂದವನಂತೆ ನಡೆದಾಡಿದೆನೆಂದು ಈಗಲೂ ಹೇಳುತ್ತಾನೆ. ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಕುಲನಾಮದ ಜಾಗದಲ್ಲಿ ಇಂದಿಗೂ ಇರುವುದು 'ಎಚ್' ಎಂಬ ಒಂದಕ್ಷರ. ತಂದೆಯದೂ ಅಷ್ಟೆ.

ಆತನು ಒಪ್ಪಿಗೆ ಹಾಕಲಿಲ್ಲ. ಮರುದಿನದ ಸಭೆಯಲ್ಲಿ ಮೇಲಧಿಕಾರಿ, ಅಂಥವರು ಎಷ್ಟು ಜನರಿದ್ದಾರು, ಮುಂದಿನ ಆವೃತ್ತಿಯಲ್ಲಿ ನೋಡೋಣವೆಂದರು. ತಿರಸ್ಕೃತವಾದ ಅರ್ಜಿಯವನಿಗೆ ಕಾರಣವೇ ತಿಳಿಯುವುದಿಲ್ಲ, ಆತ ತನ್ನ ಹೆಸರಿನಲ್ಲಿಯೇ ಏನೋ ದೋಷವಿದೆಯೆಂದು ಎಣಿಸಿ ಸುಮ್ಮನಾಗುತ್ತಾನೆ, ದೂರೇ ಬಾರದಿರುವುದರಿಂದ ಆ ಮುಂದಿನ ಆವೃತ್ತಿ ಎಂದೂ ಬರುವುದಿಲ್ಲವೆಂದು ಆತನು ವಾದಿಸಿದನು. ವಾದಿಸುವಾಗ ಧ್ವನಿ ಏರಿತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಹಾಗೆ ಏರಿದ್ದು ಅದೇ ಮೊದಲು. ಕೊನೆಗೆ ಎರಡು ದಿನ ವಿಳಂಬವಾಗಿ ಆ ಸಾಲನ್ನು ತೆಗೆದು ಕ್ರಮವಿಧಿ ಹೊರಬಿದ್ದಿತು. ಯಾರೂ ಏನೂ ಹೇಳಲಿಲ್ಲ. ವರ್ಷಾಂತ್ಯದ ಮೌಲ್ಯಮಾಪನ ಪತ್ರದಲ್ಲಿ ಆತನ ಹೆಸರಿನ ಮುಂದೆ, ಹೊಸ ಸಾಧನಗಳಿಗೆ ಹೊಂದಿಕೊಳ್ಳುವ ವೇಗವು ಸಾಲದೆಂಬ ಒಂದು ವಾಕ್ಯವಿದ್ದಿತು. ಅದನ್ನು ಹೆಂಡತಿಗೆ ತೋರಿಸಲು ಆತನಿಗೆ ನಾಲ್ಕು ದಿನ ಬೇಕಾಯಿತು. ಮಗಳ ಓದು ಇನ್ನೂ ಮೂರು ವರ್ಷ, ಮನೆಯ ಸಾಲ ಇನ್ನೂ ಆರು ವರ್ಷ ಎಂಬುದನ್ನು ಇಬ್ಬರೂ ಆಡದೆಯೇ ಲೆಕ್ಕ ಹಾಕಿದರು.

ಆ ತಿಂಗಳಲ್ಲಿಯೇ ತಂದೆ ಕಣ್ಣಿನ ಪರೀಕ್ಷೆಗೆಂದು ರೈಲಿನಲ್ಲಿ ಬೆಂಗಳೂರಿಗೆ ಬಂದರು. ಎಪ್ಪತ್ತೆಂಟರ ವಯಸ್ಸು, ಅಂಗಡಿಯನ್ನು ಮುಚ್ಚಿ ಎಂಟು ವರ್ಷಗಳಾದರೂ ಎದುರಿಗೆ ಬಂದವರ ಭುಜದ ಅಗಲವನ್ನು ಕಣ್ಣಿನಿಂದಲೇ ಅಳೆಯುವ ಅಭ್ಯಾಸ ಹೋಗಿರಲಿಲ್ಲ. ಹಳೆಯ ಅಂಗಿಯನ್ನು ಕೊಟ್ಟು ಇದೇ ಅಳತೆಗೆ ಹೊಲಿಯಿರೆಂದವರನ್ನೂ ನಿಲ್ಲಿಸಿ ಟೇಪು ಹಿಡಿಯುತ್ತಿದ್ದವರು ಅವರು. ಮಗನು ಭಾನುವಾರ ಮಧ್ಯಾಹ್ನ ಮೇಜಿನ ಮೇಲೆ ಹಳೆಯ ನೀಲಿ ಕೀಲಿಮಣೆಯನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದನು. ಕೀಲಿಗಳ ಟೊಪ್ಪಿಗಳು ಸಾಬೂನಿನ ನೀರಿನ ಬಟ್ಟಲಿನಲ್ಲಿದ್ದವು. ತಂದೆ ಪಕ್ಕದಲ್ಲಿ ಮೋಡಾ ಎಳೆದುಕೊಂಡು ಕುಳಿತು ಬಹಳ ಹೊತ್ತು ನೋಡಿದರು.

"ಇದಕ್ಕೆ ಎಣ್ಣೆ ಬಿಡೋದಿಲ್ವೇನೋ?" ಎಂದರು.

"ಬಿಡ್ತೀವಪ್ಪ. ಎಣ್ಣೆಯಲ್ಲ, ಒಂಥರಾ ಗ್ರೀಸು. ಸ್ವಿಚ್ಚಿನ ಒಳಗೆ, ಕುಂಚದಲ್ಲಿ," ಎಂದು ಮಗನು ಅವರ ಮಂದ ಕಿವಿಯ ಬಳಿ ಬಾಗಿ ಹೇಳಿ, ಮೊಸರಿನ ಬಣ್ಣದ ಗ್ರೀಸಿನ ಪುಟ್ಟ ಡಬ್ಬಿಯನ್ನು ತೋರಿಸಿದನು.

ಅವರು ಡಬ್ಬಿಯನ್ನು ಮೂಸಿ ನೋಡಿದರು. ಬೆರಳ ತುದಿಗೆ ಸ್ವಲ್ಪ ಹಚ್ಚಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ಅದರ ಜಿಗುಟನ್ನು ಪರೀಕ್ಷಿಸಿದರು. "ಜಾಸ್ತಿ ಹಾಕಬೇಡ. ಧೂಳು ಹಿಡಿಯುತ್ತೆ," ಎಂದು, ಮಗನ ಕೈಯಿಂದ ಕುಂಚವನ್ನು ತಾವೇ ತೆಗೆದುಕೊಂಡರು. ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. ಹಳೆಯದನ್ನು ಹಣೆಯ ಮೇಲೇರಿಸಿ ಸ್ವಿಚ್ಚೊಂದನ್ನು ಕಣ್ಣಿನ ಹತ್ತಿರ ಹಿಡಿದು, ಸುರುಳಿಯ ಎರಡು ತುದಿಗಳಿಗೆ ಮಾತ್ರ ತೆಳುವಾಗಿ ಮುಟ್ಟಿಸಿದರು. ಮಗನು ಒಂದೊಂದಾಗಿ ಬಿಚ್ಚಿ ಕೊಡತೊಡಗಿದನು. ನೂರ ನಾಲ್ಕು ಕೀಲಿಗಳು. ದೀಪ ಹಾಕುವ ಹೊತ್ತಿಗೆ ಅರುವತ್ತು ಮುಗಿದಿದ್ದವು.